1% ಹೇಗೆ 2%ಗಿಂತ ಜೋರಾಯಿತು: ಅತ್ತಿಗೆಯ ಮೂರು ರೆಟಿನಾಲ್ ಬಾಟಲಿಗಳು

ನವೆಂಬರ್ ತಿಂಗಳ ಒಂದು ಸಂಜೆ, ನನ್ನ ಔಷಧಿ ಅಂಗಡಿಯಲ್ಲಿ ರಶ್ ಸ್ವಲ್ಪ ಇಳಿದಿದ್ದ ಹೊತ್ತಿಗೆ ಅತ್ತಿಗೆ ಬಂದರು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದರು. ದಾವಣಗೆರೆಯಲ್ಲಿ ಸ್ಕೂಟಿ ಓಡಿಸುವ ಹೆಂಗಸರು ಧೂಳಿಗೆ ಹಾಗೆ ಸುತ್ತಿಕೊಳ್ಳುವುದು ಮಾಮೂಲು. ಒಳಗೆ ಬಂದು ಕೂತ ಮೇಲೂ ಬಿಚ್ಚಲಿಲ್ಲ. "ಯಾಕೆ ಅತ್ತಿಗೆ?" ಅಂದೆ. ಆಗ ಬಿಚ್ಚಿದರು.

ಮೂಗಿನ ಎರಡೂ ಪಕ್ಕ, ಬಾಯಿಯ ಮೂಲೆ, ಗಲ್ಲ ಎಲ್ಲ ಕೆಂಪಗೆ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು. ಮೇಲ್ತುಟಿಯ ಮೇಲೆ ಒಂದು ಕಡೆ ಸುಲಿದು, ಒದ್ದೆ ಒದ್ದೆಯಾಗಿ ಹೊಳೆಯುತ್ತಿತ್ತು. "ತಣ್ಣೀರು ಹಾಕಿದ್ರೂ ಉರಿಯುತ್ತೆ ಕಣೇ. ನಿಶ್ಚಿತಾರ್ಥಕ್ಕೆ ಇನ್ನು ಮೂರು ವಾರ ಇಲ್ಲ" ಅಂದರು. ಅವರ ಅಕ್ಕನ ಮಗಳ ನಿಶ್ಚಿತಾರ್ಥ. ಧನುರ್ಮಾಸ ಹಿಡಿಯುವ ಮುಂಚೆ ಮುಗಿಸಬೇಕು ಅಂತ ಡಿಸೆಂಬರ್ ಮೊದಲ ವಾರಕ್ಕೆ ಇಟ್ಟಿದ್ದರು.

ಆಮೇಲೆ ವ್ಯಾನಿಟಿ ಬ್ಯಾಗಿನಿಂದ, ಮುಖದ ಗೆರೆಗೆ ಬಂಗಿಗೆ ಅಂತ ಹಚ್ಚುವ ಸೀರಮ್ಮಿನ ಮೂರು ಬಾಟಲಿ ತೆಗೆದು ಕೌಂಟರ್ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು 0.3%. ಎರಡನೆಯದು 2%. ಮೂರನೆಯದು 1%. ಮೂರರ ಮೇಲೂ ದೊಡ್ಡ ಅಕ್ಷರದಲ್ಲಿ ಆ ಅಂಕಿಯೇ ಎದ್ದು ಕಾಣುತ್ತಿತ್ತು.

"2% ಐದು ತಿಂಗಳು ಹಚ್ಚಿದೆ, ಏನೂ ಆಗಲಿಲ್ಲ. ಚಳಿಗಾಲ ಬಂತು, ಸ್ವಲ್ಪ ಕಡಿಮೆದು ಇರಲಿ ಅಂತ 1% ತಗೊಂಡೆ. ಕಡಿಮೆ ಮಾಡಿದ್ದಕ್ಕೆ ಹಿಂಗಾಯ್ತಲ್ಲ! 2ಕ್ಕಿಂತ 1 ಕಡಿಮೆ ತಾನೆ?"

ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಲೆಕ್ಕ ತಪ್ಪುವವರಲ್ಲ. ಆದರೂ ಈ ಲೆಕ್ಕ ತಪ್ಪಿತ್ತು. ಎಲ್ಲಿ ತಪ್ಪಿತು ಅಂತ ಹುಡುಕಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, "ಫೋಟೋ ಮಾತ್ರ ಹಾಕಬೇಡ" ಅನ್ನುವ ಷರತ್ತಿನ ಮೇಲೆ.

ಆ ಸಂಜೆ ಕೇಳಿದ್ದು

ಮೊದಲು ಕೇಳಿದ್ದು "ಮುಟ್ಟು ಏನಾದ್ರೂ ನಿಂತಿದೆಯಾ?" ಅಂತ. ಅತ್ತಿಗೆಗೆ ಮೂವತ್ತೊಂಬತ್ತು. ಜೋರಾಗಿ ನಗಲು ಹೋಗಿ, ಬಾಯಿಯ ಮೂಲೆ ಎಳೆದು "ಅಮ್ಮಾ" ಅಂದರು. ನಗುವ ಪ್ರಶ್ನೆ ಅಲ್ಲ ಇದು. ರೆಟಿನಾಲ್ ಅಂದರೆ ವಿಟಮಿನ್ ಎ. ಇದೇ ಕುಟುಂಬದ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತುಂಬ ಅಪಾಯ. ಮುಖಕ್ಕೆ ಹಚ್ಚಿದ್ದರಿಂದ ಮೈಗೆ ಸೇರುವುದು ಬಹಳ ಕಡಿಮೆ, ನಿಜ. ಆದರೂ ಬಸಿರು ಇದ್ದರೆ, ಆಗುವ ಯೋಚನೆ ಇದ್ದರೆ, ಈ ಕುಟುಂಬದ ಯಾವುದನ್ನೂ ಹಚ್ಚಬೇಡಿ ಅಂತಲೇ ವೈದ್ಯರು ಹೇಳುವುದು. ಸುಕ್ಕು ಒಂದು ವರ್ಷ ಕಾಯುತ್ತದೆ.

ಆಮೇಲೆ ಪೂರ್ತಿ ಕಥೆ ಕೇಳಿದೆ. ಅದು ಹೀಗಿತ್ತು.

ಮಾರ್ಚಿನಲ್ಲಿ 0.3% ರೆಟಿನಾಲ್ ತಗೊಂಡರು. ಕಣ್ಣಿನ ಪಕ್ಕದ ಗೆರೆಗೆ, ಕೆನ್ನೆಯ ಮೇಲಿನ ಬಂಗಿಗೆ. ವಾರಕ್ಕೆ ಎರಡು ರಾತ್ರಿ, ನಾಲ್ಕು ಹನಿ. ಒಂಬತ್ತು ವಾರ ಆದರೂ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. "ಇದು ವೀಕು" ಅಂತ ತೀರ್ಮಾನಿಸಿ ಬಿಟ್ಟರು. ಜೂನಿನಲ್ಲಿ 2% ಅಂತ ಬರೆದಿದ್ದ ಇನ್ನೊಂದು ಸೀರಮ್ ಬಂತು. ದಿನಾ ರಾತ್ರಿ ಅರ್ಧ ಡ್ರಾಪರ್. ಐದು ತಿಂಗಳು. ಉರಿ ಇಲ್ಲ, ಸಿಪ್ಪೆ ಇಲ್ಲ. ಮುಖ ಸ್ವಲ್ಪ ನಯವಾಯಿತು ಅನ್ನಿಸಿತಂತೆ, ಅಷ್ಟೇ. ನವೆಂಬರಿನಲ್ಲಿ ಆನ್‌ಲೈನ್ ಸೇಲ್. 1% ಅರ್ಧ ಬೆಲೆಗೆ ಸಿಕ್ಕಿತು. 2% ತಡೆದುಕೊಂಡ ಮುಖಕ್ಕೆ 1% ಏನು ಮಹಾ ಅಂತ ಅದನ್ನೂ ದಿನಾ ರಾತ್ರಿ ಅರ್ಧ ಡ್ರಾಪರ್ ಹಾಕಿದರು. ನಾಲ್ಕನೇ ದಿನ ಮೂಗಿನ ಪಕ್ಕ ಬಿಗಿತ. ಐದನೇ ದಿನ ಪಾರ್ಲರಿಗೆ ಹೋಗಿ ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿಕೊಂಡರು. ಆರನೇ ರಾತ್ರಿ ಮತ್ತೆ ಸೀರಮ್. ಏಳನೇ ದಿನ ನನ್ನ ಅಂಗಡಿ.

ಇಲ್ಲಿ ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಜೂನಿನಲ್ಲಿ ಅತ್ತಿಗೆ ಫೋನ್ ಮಾಡಿ "2% ಬಂದಿದೆ, ಹಚ್ಚಲಾ?" ಅಂತ ಕೇಳಿದ್ದರು. ನಾನು ಸ್ಟಾಕ್ ಎಂಟ್ರಿ ಮಾಡುತ್ತಾ "ಹಚ್ಚಿ, ಪರವಾಗಿಲ್ಲ" ಅಂದಿದ್ದೆ. ಯಾವುದರ 2% ಅಂತ ಕೇಳಲಿಲ್ಲ. ಹದಿನಾಲ್ಕು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೂತವಳು ಕೇಳಬೇಕಿದ್ದ ಪ್ರಶ್ನೆ ಅದೊಂದೇ.

ಯಾವುದರ ಶೇಕಡಾ?

ಬಾಟಲಿಗಳನ್ನು ತಿರುಗಿಸಿದೆ. ಮುಂದಿನ ಲೇಬಲ್ ಅಂಗಡಿಯ ಬೋರ್ಡ್ ಇದ್ದ ಹಾಗೆ. ವ್ಯವಹಾರ ಗೊತ್ತಾಗುವುದು ಹಿಂದಿನ ಸಣ್ಣ ಅಕ್ಷರದಲ್ಲಿ.

2% ಬಾಟಲಿಯ ಹಿಂದೆ ರೆಟಿನಾಲ್ ಅನ್ನುವ ಪದವೇ ಇರಲಿಲ್ಲ. ಮುಂದೆ ಇದ್ದದ್ದೂ "ರೆಟಿನಾಯ್ಡ್ 2%" ಅಂತ, ರೆಟಿನಾಲ್ ಅಂತ ಅಲ್ಲ. ಅತ್ತಿಗೆ ಎರಡೂ ಒಂದೇ ಅಂದುಕೊಂಡಿದ್ದರು. ರೆಟಿನಾಯ್ಡ್ ಅನ್ನುವುದು ಇಡೀ ಮನೆತನದ ಹೆಸರು. ರೆಟಿನಾಲ್ ಆ ಮನೆಯ ಒಬ್ಬ ಮಗಳು. ಈ ಬಾಟಲಿಯಲ್ಲಿ ಇದ್ದವಳು ಬೇರೆ: ಹೈಡ್ರಾಕ್ಸಿಪಿನಾಕೊಲೋನ್ ರೆಟಿನೋಯೇಟ್. ಉದ್ದ ಹೆಸರು, ಎಚ್‌ಪಿಆರ್ ಅನ್ನೋಣ. ಅದರ ಪಕ್ಕದಲ್ಲೇ ಡೈಮಿಥೈಲ್ ಐಸೋಸೋರ್ಬೈಡ್ ಅಂತ ಒಂದು ದ್ರಾವಕದ ಹೆಸರಿತ್ತು. ಅದನ್ನು ನೋಡಿದ ಕೂಡಲೇ ವಿಷಯ ಹೊಳೆಯಿತು. ಎಚ್‌ಪಿಆರ್ ಸೀರಮ್ ತಯಾರಿಸುವವರ ಕೈಗೆ ಸಾಮಾನ್ಯವಾಗಿ ಈ ದ್ರಾವಕದಲ್ಲಿ ಕರಗಿಸಿದ ರೂಪದಲ್ಲೇ ಬರುತ್ತದೆ. ಆ ಮಿಶ್ರಣದಲ್ಲಿ ಎಚ್‌ಪಿಆರ್ ಇರುವುದು ಹತ್ತರಲ್ಲಿ ಒಂದು ಪಾಲು. ಬಾಟಲಿಯ ಮೇಲೆ ಬರೆದ 2% ಆ ಮಿಶ್ರಣದ ಲೆಕ್ಕ. ಒಳಗಿನ ಅಸಲು ಪದಾರ್ಥ 0.2%.

ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. 30 ಎಂ.ಎಲ್. ಬಾಟಲಿ, ಸುಮಾರು 30 ಗ್ರಾಂ ಅಂತ ಹಿಡಿಯಿರಿ. ಅದರ 2% ಅಂದರೆ 600 ಮಿಲಿಗ್ರಾಂ ಮಿಶ್ರಣ. ಅದರಲ್ಲಿ ಹತ್ತನೇ ಒಂದು ಭಾಗ, 60 ಮಿಲಿಗ್ರಾಂ ಎಚ್‌ಪಿಆರ್. ಪಕ್ಕದ 1% ಬಾಟಲಿಯಲ್ಲಿ "ಪ್ಯೂರ್ ರೆಟಿನಾಲ್" ಅಂತಲೇ ಬರೆದಿತ್ತು. ಅಲ್ಲಿ 300 ಮಿಲಿಗ್ರಾಂ. ಅತ್ತಿಗೆ ಪೆನ್ ಇಸಿದುಕೊಂಡು ಮುಂದಿನ ಲೆಕ್ಕ ತಾವೇ ಮಾಡಿದರು. ಇಪ್ಪತ್ತು ಹನಿಗೆ ಹತ್ತಿರ ಹತ್ತಿರ 1 ಎಂ.ಎಲ್. ಮಾರ್ಚಿನಲ್ಲಿ 0.3% ನಾಲ್ಕು ಹನಿ, ವಾರಕ್ಕೆ ಎರಡು ಸಲ: ವಾರಕ್ಕೆ 1.2 ಮಿಲಿಗ್ರಾಂ ರೆಟಿನಾಲ್. ನವೆಂಬರಿನಲ್ಲಿ 1% ಅರ್ಧ ಡ್ರಾಪರ್, ಅಂದರೆ ಅರ್ಧ ಎಂ.ಎಲ್., ಆರು ರಾತ್ರಿ: 30 ಮಿಲಿಗ್ರಾಂ.

"ಇಪ್ಪತ್ತೈದು ಪಟ್ಟು" ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಡುವಿನ ಐದು ತಿಂಗಳ ಎಚ್‌ಪಿಆರ್ ಮುಖವನ್ನು ಇದಕ್ಕೆ ಪಳಗಿಸಿರಲಿಲ್ಲವಾ? ಅಷ್ಟಾಗಿ ಇಲ್ಲ. ಎಚ್‌ಪಿಆರ್ ಸೌಮ್ಯ, ಬಹಳ ಜನಕ್ಕೆ ಉರಿ ಬರುವುದಿಲ್ಲ. ಅದಕ್ಕೇ ಮಾರುಕಟ್ಟೆಯಲ್ಲಿ ಅಷ್ಟು ಓಡುತ್ತಿದೆ. ಆದರೆ ರೆಟಿನಾಲ್‌ಗೆ ಇರುವಷ್ಟು ಅಧ್ಯಯನಗಳ ಬೆನ್ನುಬಲ ಅದಕ್ಕಿಲ್ಲ. ಮಿಲಿಗ್ರಾಂಗೆ ಮಿಲಿಗ್ರಾಂ ಇಟ್ಟು ಎರಡನ್ನೂ ತೂಗುವುದೂ ಸರಿಯಲ್ಲ, ಪದಾರ್ಥವೇ ಬೇರೆ.

ಆ ಮನೆತನವನ್ನು ಅತ್ತಿಗೆಗೆ ಹಾಲು ತುಪ್ಪದ ಲೆಕ್ಕದಲ್ಲಿ ಹೇಳಿದೆ. ರೆಟಿನೈಲ್ ಪಾಲ್ಮಿಟೇಟ್ ಹಾಲು. ರೆಟಿನಾಲ್ ಮೊಸರು. ರೆಟಿನಾಲ್ಡಿಹೈಡ್ ಬೆಣ್ಣೆ. ರೆಟಿನಾಯಿಕ್ ಆಸಿಡ್ ತುಪ್ಪ. ಚರ್ಮದ ಜೀವಕೋಶಕ್ಕೆ ಅರ್ಥವಾಗುವುದು ತುಪ್ಪ ಒಂದೇ. ಹಾಲು ಕೊಟ್ಟರೆ ಅದೇ ಹೆಪ್ಪು ಹಾಕಿ, ಕಡೆದು, ಕಾಯಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಒಂದಷ್ಟು ಕೈಬಿಟ್ಟು ಹೋಗುತ್ತದೆ. ಸೇರು ಹಾಲಿಗೆ ಎಷ್ಟು ತುಪ್ಪ ಬಂದೀತು ಅಂತ ಅತ್ತಿಗೆಗೆ ನಾನು ಹೇಳಬೇಕಿಲ್ಲ, ಅವರ ತವರಲ್ಲಿ ಎಮ್ಮೆ ಕಟ್ಟಿದ್ದರು. ಎಚ್‌ಪಿಆರ್ ಈ ಸಾಲಿನಲ್ಲಿ ಕೂರುವುದಿಲ್ಲ. ಅದು ತುಪ್ಪವನ್ನೇ ಇನ್ನೊಂದು ಪದಾರ್ಥದ ಜತೆ ಗಂಟು ಹಾಕಿ ಕೊಟ್ಟ ಹಾಗೆ. ಹೋಲಿಕೆ ಒಂದು ಕಡೆ ಕೈಕೊಡುತ್ತದೆ: ಚರ್ಮ ಮೊಸರನ್ನು ತಿರುಗಿ ಹಾಲು ಮಾಡಿ ಕೂಡಿಟ್ಟುಕೊಳ್ಳಬಲ್ಲದು, ನಮ್ಮ ಅಡುಗೆಮನೆಯಲ್ಲಿ ಅದು ಆಗದು. ತುಪ್ಪವಾದ ಮೇಲೆ ಮಾತ್ರ ಎರಡೂ ಕಡೆ ವಾಪಸ್ ದಾರಿ ಇಲ್ಲ.

ಹೀಗಿರುವಾಗ ಬರೀ ಅಂಕಿ ನೋಡಿದರೆ ಏನಾಗುತ್ತದೆ ನೋಡಿ. ನನ್ನ ರ‍್ಯಾಕಿನಲ್ಲಿ ಟ್ರೆಟಿನಾಯಿನ್ ಟ್ಯೂಬ್ ಇದೆ, 0.025%. ಟ್ರೆಟಿನಾಯಿನ್ ಅಂದರೆ ರೆಟಿನಾಯಿಕ್ ಆಸಿಡ್ಡೇ, ನೇರ ತುಪ್ಪ. ಅಂಕಿಯಲ್ಲಿ ಅತ್ತಿಗೆಯ 0.3%ಗಿಂತ ಹನ್ನೆರಡು ಪಟ್ಟು ಚಿಕ್ಕದು. ಕೆಲಸದಲ್ಲಿ ಅದೇ ಜೋರು. ಅದಕ್ಕೇ ಅದು ಶೆಡ್ಯೂಲ್ ಎಚ್ ಔಷಧಿ, ವೈದ್ಯರ ಚೀಟಿ ಬೇಕು. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಅಂತ ಒಪ್ಪಿಗೆ ಸಿಕ್ಕ ಔಷಧಿ ಅದು. ಹಿಂದೆ ಇದ್ದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್. ಮೊಡವೆಗೆ ಹಚ್ಚಿಕೊಂಡ ಹೆಂಗಸರು ಸುಕ್ಕೂ ಕಡಿಮೆಯಾಯಿತು ಅಂತ ಹೇಳತೊಡಗಿದ ಮೇಲೆ ಆ ಕಡೆ ಗಮನ ಹರಿಯಿತು. 1986ರಲ್ಲಿ ಅವರ ತಂಡ ಬಿಸಿಲಿಗೆ ಮಾಗಿದ ಚರ್ಮದ ಮೇಲಿನ ಪರಿಣಾಮವನ್ನು ಪ್ರಕಟಿಸಿತು. ಇವತ್ತು ಚೀಟಿ ಇಲ್ಲದೆ ಸಿಗುವ ಸೀರಮ್‌ಗಳಲ್ಲಿ ಬಹಳಷ್ಟು ಆ ತುಪ್ಪದ ಹೆಸರಲ್ಲಿ ಮಾರುವ ಹಾಲು ಮೊಸರುಗಳೇ.

ಇನ್ನೊಂದು ಆಟ ಇದೆ. ಶುದ್ಧ ರೆಟಿನಾಲ್ ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಹಾಗಾಗಿ ತಯಾರಕರ ಕೈಗೆ ಬರುವುದೇ ಎಣ್ಣೆಯಲ್ಲೋ ಪಾಲಿಸಾರ್ಬೇಟ್ 20ರಲ್ಲೋ ಕರಗಿಸಿದ ರೂಪದಲ್ಲಿ. ಕೆಲವದರಲ್ಲಿ ಅರ್ಧದಷ್ಟು ರೆಟಿನಾಲ್, ಕೆಲವದರಲ್ಲಿ ಹತ್ತನೇ ಒಂದು ಪಾಲು. "ರೆಟಿನಾಲ್ ಕಾಂಪ್ಲೆಕ್ಸ್ 5%" ಅಂತ ಬರೆದ ಬಾಟಲಿಯಲ್ಲಿ ಯಾವುದನ್ನು ಎಷ್ಟು ಹಾಕಿದ್ದಾರೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾಂಪ್ಲೆಕ್ಸ್, ಬ್ಲೆಂಡ್, ಸಿಸ್ಟಮ್ ಅನ್ನುವ ಪದ ಅಂಕಿಯ ಪಕ್ಕದಲ್ಲಿ ಕಂಡರೆ ನಾನು ಆ ಅಂಕಿಯನ್ನು ಓದುವುದೇ ಇಲ್ಲ.

ಪದಾರ್ಥಗಳ ಪಟ್ಟಿಯಿಂದ ಅಂದಾಜು ಸಿಗುತ್ತದಾ? ಸ್ವಲ್ಪ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ 1%ಗಿಂತ ಜಾಸ್ತಿ ಇರುವುದನ್ನೆಲ್ಲ ಜಾಸ್ತಿಯಿಂದ ಕಡಿಮೆಗೆ ಕ್ರಮವಾಗಿ ಬರೆಯಬೇಕು. 1% ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ರೆಟಿನಾಲ್ ಸಾಮಾನ್ಯವಾಗಿ ಈ ಎರಡನೇ ಗುಂಪಿನಲ್ಲೇ ಇರುವುದು. 0.1% ಇದ್ದರೂ 0.9% ಇದ್ದರೂ ಪಟ್ಟಿಯಲ್ಲಿ ಒಂದೇ ಜಾಗ ಸಿಗಬಹುದು. ಹಾಗಾಗಿ "ರೆಟಿನಾಲ್ 0.3%" ಅಂತ ಹೆಸರು ಅಂಕಿ ಎರಡನ್ನೂ ನೆಟ್ಟಗೆ ಬರೆದ ಬಾಟಲಿಯೇ ವಾಸಿ.

ಮೊದಲ ಬಾಟಲಿ ನಿಜಕ್ಕೂ ವೀಕಾ?

ಅತ್ತಿಗೆಯ ಎಲ್ಲ ತೀರ್ಮಾನಗಳ ಬುಡ ಇಲ್ಲಿತ್ತು. 0.3% ಕೆಲಸ ಮಾಡಲಿಲ್ಲ, ಆದ್ದರಿಂದ ಜಾಸ್ತಿ ಬೇಕು.

ಆ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಬೆಳಕು ಹಾಯುವ ಬಿಳಿ ಗಾಜು, ಡ್ರಾಪರ್ ಮುಚ್ಚಳ. ರೆಟಿನಾಲ್ ಸೀರಮ್ ತಿಳಿ ಹಳದಿ ಇರುತ್ತದೆ. ಇದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮೂಸಿದರೆ ಹಳೇ ಎಣ್ಣೆಯ ಕಮಟು. "ಎಲ್ಲಿ ಇಟ್ಟಿದ್ರಿ?" ಅಂದೆ. ಬಚ್ಚಲುಮನೆ ಕಿಟಕಿಯಲ್ಲಿ, ಟೂತ್‌ಪೇಸ್ಟ್ ಪಕ್ಕ. ಮಾರ್ಚಿನಿಂದ ಮೇ ತನಕ, ದಾವಣಗೆರೆಯ ಬೇಸಿಗೆಯಲ್ಲಿ, ಪಶ್ಚಿಮದ ಕಿಟಕಿ. ರೆಟಿನಾಲ್ ಬಿಸಿಲಿನ ಯುವಿ ಕಿರಣವನ್ನು ಹೀರಿಕೊಂಡು ಒಡೆಯುವ ಪದಾರ್ಥ. ಡ್ರಾಪರ್ ಪ್ರತಿ ಸಲ ತೆಗೆದಾಗ ಹೊಸ ಗಾಳಿ ಒಳಗೆ. ಮೇಲೆ ಸೆಕೆ. ಒಂಬತ್ತು ವಾರದ ಕೊನೆಗೆ ಅದರಲ್ಲಿ 0.3% ಎಷ್ಟು ಉಳಿದಿತ್ತೋ ಆ ದೇವರೇ ಬಲ್ಲ.

ಅದು ಸರಿಯಾಗೇ ಇದ್ದರೂ ಒಂಬತ್ತು ವಾರ ಸಾಲದು. ಚರ್ಮದ ಮೇಲ್ಪದರ ಕೆಳಗಿನಿಂದ ಮೇಲಕ್ಕೆ ಬಂದು ಉದುರಲು ಸುಮಾರು ನಾಲ್ಕು ವಾರ, ವಯಸ್ಸಾದಂತೆ ಇನ್ನೂ ಜಾಸ್ತಿ. ಅದರ ಕೆಳಗೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್‌ನಲ್ಲಿ ಬದಲಾವಣೆ ಆಗಿ ಗೆರೆ ತಿಳಿಯಾಗುವುದಕ್ಕೆ ಮೂರರಿಂದ ಆರು ತಿಂಗಳು. 2007ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಸರಾಸರಿ 87 ವಯಸ್ಸಿನ 36 ಜನ ಹಿರಿಯರು. ತೋಳಿನ ಒಳಭಾಗಕ್ಕೆ 0.4% ರೆಟಿನಾಲ್ ಲೋಷನ್, ವಾರಕ್ಕೆ ಹೆಚ್ಚೆಂದರೆ ಮೂರು ಸಲ, 24 ವಾರ. ಇನ್ನೊಂದು ತೋಳಿಗೆ ರೆಟಿನಾಲ್ ಇಲ್ಲದ ಅದೇ ಲೋಷನ್. ರೆಟಿನಾಲ್ ಹಚ್ಚಿದ ತೋಳಲ್ಲಿ ಸಣ್ಣ ಸುಕ್ಕು ಕಡಿಮೆಯಾಗಿತ್ತು. ಎಂಬತ್ತೇಳು ವರ್ಷದ ತೋಳಿಗೆ 0.4% ವಾರಕ್ಕೆ ಮೂರು ಸಲ ಸಾಕಾಯಿತು ಅಂದರೆ ಮೂವತ್ತೊಂಬತ್ತರ ಕೆನ್ನೆಗೆ ದಿನಾ 1% ಯಾಕೆ?

ಯುರೋಪಿನವರು 2024ರಲ್ಲಿ ತಂದ ನಿಯಮದಲ್ಲೂ ಮುಖದ ಉತ್ಪನ್ನಕ್ಕೆ ಮಿತಿ 0.3%, ಮೈಗೆ ಹಚ್ಚುವ ಲೋಷನ್‌ಗೆ 0.05%. ಹೊಸ ಉತ್ಪನ್ನಗಳಿಗೆ 2025ರ ನವೆಂಬರ್ 1ರಿಂದ ಜಾರಿ, ಅಂಗಡಿಯಲ್ಲಿರುವ ಹಳೆಯದಕ್ಕೆ 2027ರ ಮೇ 1ರ ತನಕ ಅವಕಾಶ. ಇದನ್ನು ಓದಿ "1% ವಿಷ" ಅಂತ ಹೆದರಿಸುವವರೂ ಇದ್ದಾರೆ. ಹಾಗಲ್ಲ. ಊಟದಿಂದ, ಮಾತ್ರೆಯಿಂದ, ಕ್ರೀಮಿನಿಂದ ಎಲ್ಲ ಸೇರಿ ಮೈಗೆ ವಿಟಮಿನ್ ಎ ಜಾಸ್ತಿಯಾಗದಿರಲಿ ಅನ್ನುವುದು ಅವರ ಉದ್ದೇಶ. ಮುಖ ಉರಿಯುವುದು ಬೇರೆ ವಿಷಯ. ನಮ್ಮ ಅಂಗನವಾಡಿಯಲ್ಲಿ ಒಂಬತ್ತು ತಿಂಗಳ ಮಗುವಿಗೆ ಒಂದು ಲಕ್ಷ ಯೂನಿಟ್ ವಿಟಮಿನ್ ಎ ಸಿರಪ್ ಕುಡಿಸುತ್ತಾರಲ್ಲ, ಅಲ್ಲಿ ಕೊರತೆಯ ಚಿಂತೆ. ಒಂದೇ ಪದಾರ್ಥ, ಒಂದೊಂದು ಊರಲ್ಲಿ ಒಂದೊಂದು ಚಿಂತೆ.

ಬೆಂಕಿಗೆ ತುಪ್ಪ

1% ಒಂದೇ ಇಷ್ಟು ಮಾಡಿತಾ? ಅದೇ ಮುಖ್ಯ, ಆದರೆ ಜತೆಗಾರರು ಇದ್ದರು. ಬೆಳಿಗ್ಗೆ ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್. ಭಾನುವಾರ ಕಡ್ಲೆಹಿಟ್ಟು ಅರಿಶಿನ ಹಾಕಿ ಗಸಗಸ ಉಜ್ಜುವುದು. ಮನೆಯದ್ದು, ಒಳ್ಳೆಯದು ಅನ್ನುವ ನಂಬಿಕೆ. ಕಡ್ಲೆಹಿಟ್ಟು ಒಳ್ಳೆಯದೇ, ಸಿಪ್ಪೆ ಏಳುತ್ತಿರುವ ಮುಖಕ್ಕೆ ಅದು ಉಪ್ಪುಕಾಗದ. ಸೀರಮ್ ಹಚ್ಚುತ್ತಿದ್ದದ್ದು ಮುಖ ತೊಳೆದ ಕೂಡಲೇ, ಒದ್ದೆ ಇರುವಾಗಲೇ. ಅದು ಕೂಡ ಉರಿಯನ್ನು ಹೆಚ್ಚಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ವ್ಯಾಕ್ಸ್. ರೆಟಿನಾಯ್ಡ್ ಹಚ್ಚಿದ ಚರ್ಮದ ಮೇಲ್ಪದರ ಸಡಿಲವಾಗಿರುತ್ತದೆ. ವ್ಯಾಕ್ಸ್ ಎಳೆದರೆ ಕೂದಲಿನ ಜತೆ ಆ ಪದರವೂ ಬರುತ್ತದೆ. ಮೇಲ್ತುಟಿ ಸುಲಿದದ್ದು ಹಾಗೆ. ಪಾರ್ಲರ್ ಹುಡುಗಿ ರೆಟಿನಾಲ್ ಹಚ್ತೀರಾ ಅಂತ ಕೇಳಲಿಲ್ಲ, ಇವರು ಹೇಳಲಿಲ್ಲ.

ನನಗೆ ಹೆದರಿಕೆ ಇದ್ದದ್ದು ಉರಿಯ ಬಗ್ಗೆ ಅಲ್ಲ. ಉರಿ ಹತ್ತು ದಿನದಲ್ಲಿ ಹೋಗುತ್ತದೆ. ನಮ್ಮ ಬಣ್ಣದ ಚರ್ಮ ಒಮ್ಮೆ ಉರಿದರೆ ಹೋಗುವಾಗ ಕಪ್ಪು ಗುರುತು ಬಿಟ್ಟು ಹೋಗುತ್ತದೆ. ಸೊಳ್ಳೆ ಕಚ್ಚಿದ್ದೂ, ಮೊಡವೆ ಚಿವುಟಿದ್ದೂ ತಿಂಗಳುಗಟ್ಟಲೆ ಕಲೆಯಾಗಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಬಿಳಿ ಚರ್ಮದವರು ಇಂಟರ್‌ನೆಟ್ಟಿನಲ್ಲಿ "ಸಿಪ್ಪೆ ಏಳಲಿ, ತಡೆದುಕೊಳ್ಳಿ, ಆಮೇಲೆ ಹೊಳಪು ಬರುತ್ತೆ" ಅನ್ನುತ್ತಾರೆ. ಅವರ ಕೆಂಪು ಕೆಂಪಾಗೇ ಮಾಯುತ್ತದೆ. ನಮ್ಮದು ಕಪ್ಪಾಗುತ್ತದೆ. ಬಂಗು ಇದ್ದವರಿಗೆ ಇನ್ನೂ ಬೇಗ. ಬಂಗಿಗೆ ಅಂತ ಹಚ್ಚಿ ಬಂಗಿನ ಪಕ್ಕ ಇನ್ನೊಂದು ಕಲೆ ತಂದುಕೊಂಡ ಹಾಗೆ.

ಮಾಡಿದ್ದು

ಒದ್ದೆಯಾಗಿ ಸುಲಿದ ಜಾಗ ಇದ್ದದ್ದರಿಂದ ಮರುದಿನ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅವರು ನೋಡಿ ಅಲರ್ಜಿ ಅಲ್ಲ, ಕಿರಿಕಿರಿಯಿಂದ ಆದ ಉರಿಯೂತ ಅಂದರು. ಈ ವ್ಯತ್ಯಾಸ ಮುಖ್ಯ. ಅಲರ್ಜಿ ಆಗಿದ್ದರೆ ತುರಿಕೆ ಜೋರಿರುತ್ತದೆ, ಹಚ್ಚದ ಜಾಗಕ್ಕೂ ಹರಡಬಹುದು, ಮುಂದೆ ಒಂದು ಹನಿ ಹಚ್ಚಿದರೂ ವಾಪಸ್ ಬರುತ್ತದೆ. ಆ ಪದಾರ್ಥಕ್ಕೆ ಜೀವಮಾನಪೂರ್ತಿ ಕೈಮುಗಿಯಬೇಕು. ಕಿರಿಕಿರಿ ಆದರೆ ಪ್ರಮಾಣದ ಪ್ರಶ್ನೆ, ಮತ್ತೆ ಕಡಿಮೆಯಿಂದ ಶುರು ಮಾಡಬಹುದು.

ಅವರು ಹೇಳಿದ್ದು ಬಹಳ ಸಪ್ಪೆ. ಎಲ್ಲ ನಿಲ್ಲಿಸಿ. ಸಾದಾ ಫೇಸ್‌ವಾಶ್ ರಾತ್ರಿ ಒಂದು ಸಲ, ಬೆಳಿಗ್ಗೆ ಬರೀ ನೀರು. ವಾಸನೆ ಇಲ್ಲದ ಮಾಯಿಶ್ಚರೈಸರ್ ದಿನಕ್ಕೆ ಮೂರು ನಾಲ್ಕು ಸಲ. ಸುಲಿದ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ. ಹೊರಗೆ ಹೋಗುವಾಗ ಸನ್‌ಸ್ಕ್ರೀನ್, ಎರಡು ಬೆರಳುದ್ದ. ಅತ್ತಿಗೆಗೆ ನಿರಾಸೆ. "ಐನೂರು ರೂಪಾಯಿ ಫೀಸಿಗೆ ವ್ಯಾಸಲೀನ್ ಹೇಳಿದ್ರು" ಅಂದರು.

ಅದಕ್ಕಿಂತ ದೊಡ್ಡ ಗಂಡಾಂತರ ಆ ವಾರವೇ ಬಾಗಿಲಿಗೆ ಬಂದಿತ್ತು. ಸ್ಟಾಫ್‌ರೂಮಿನಲ್ಲಿ ಯಾರೋ ಒಂದು ಟ್ಯೂಬ್ ಕೊಟ್ಟಿದ್ದರು. "ನಾಲ್ಕೇ ದಿನಕ್ಕೆ ಬೆಳ್ಳಗಾಗುತ್ತೆ, ನಿಶ್ಚಿತಾರ್ಥಕ್ಕೆ ಸರಿಹೋಗುತ್ತೆ." ಅತ್ತಿಗೆ ಪುಣ್ಯಕ್ಕೆ ಫೋಟೋ ಕಳಿಸಿದರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್, ಮೂರೂ ಸೇರಿದ ಕ್ರೀಮ್. ಮೊಮೆಟಸೋನ್ ಸ್ಟೀರಾಯ್ಡ್. ಬಂಗಿಗೆ ಡಾಕ್ಟರು ಇಂತಿಷ್ಟೇ ವಾರ ಅಂತ ಲೆಕ್ಕ ಹಾಕಿ ಬರೆಯುವ ಔಷಧಿ ಇದು. ಜನ ಇದನ್ನು ಫೇರ್‌ನೆಸ್ ಕ್ರೀಮ್ ಮಾಡಿಕೊಂಡು ವರ್ಷಗಟ್ಟಲೆ ಬಳಿದುಕೊಳ್ಳುತ್ತಾರೆ. ಮುಖ ತೆಳುವಾಗಿ, ಕೆಂಪು ನರ ಎದ್ದು, ಬಿಟ್ಟರೆ ಉರಿ, ಹಚ್ಚಿದರೆ ಆರಾಮ ಅನ್ನುವ ಚಟಕ್ಕೆ ಬೀಳುತ್ತದೆ. ಚರ್ಮವೈದ್ಯರ ಸಂಘದ ಒತ್ತಾಯದ ಮೇಲೆ 2018ರಲ್ಲಿ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರದಂತೆ ಬಿಗಿ ಮಾಡಿತು. ಆದರೂ ಇದನ್ನು ಪೇಸ್ಟ್ ಕೇಳಿದ ಹಾಗೆ ಕೇಳುವವರು ದಿನಕ್ಕೆ ಇಬ್ಬರಾದರೂ ನನ್ನ ಕೌಂಟರಿಗೆ ಬರುತ್ತಾರೆ. ಕೊಡಲ್ಲ ಅಂದರೆ "ಪಕ್ಕದಲ್ಲಿ ಕೊಡ್ತಾರೆ ಬಿಡ್ರಿ" ಅಂತ ಹೋಗುತ್ತಾರೆ. ಈ ವಿಷಯದಲ್ಲಿ ನನಗೆ ಸಿಟ್ಟು ಜಾಸ್ತಿ, ಇಲ್ಲಿಗೇ ನಿಲ್ಲಿಸುತ್ತೇನೆ.

ಹನ್ನೊಂದನೇ ದಿನಕ್ಕೆ ಉರಿ ಪೂರ್ತಿ ನಿಂತಿತು. ನಿಶ್ಚಿತಾರ್ಥಕ್ಕೆ ಮುಖ ನಯವಾಗೇ ಇತ್ತು, ಮೇಲ್ತುಟಿಯ ಮೇಲೆ ಮಾತ್ರ ಕಾಫಿಪುಡಿ ಬಣ್ಣದ ಪಟ್ಟಿ. ಮೇಕಪ್ಪಿನಲ್ಲಿ ಮುಚ್ಚಿದರು. ಫೋಟೋದಲ್ಲಿ ಗೊತ್ತಾಗಲ್ಲ ಅಂತ ನಾನು ಹೇಳುತ್ತೇನೆ, ಗೊತ್ತಾಗುತ್ತೆ ಅಂತ ಅವರು.

ಮತ್ತೆ ಶುರು

ಸಂಕ್ರಾಂತಿ ಮುಗಿದ ಮೇಲೆ ಅತ್ತಿಗೆ ಮತ್ತೆ ಬಂದರು. ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. "ಈ ಸಲ ಸರಿಯಾಗಿ ಮಾಡೋಣ" ಅಂದರು. ಸೀರಮ್ ಆರಿಸುವುದಕ್ಕೆ ಅರ್ಧ ಗಂಟೆ ಕೂತೆವು.

1% ಬಾಟಲಿಯನ್ನೇ ವಾರಕ್ಕೊಮ್ಮೆ ಹಚ್ಚಬಹುದಲ್ಲ, ದುಡ್ಡು ಕೊಟ್ಟಿದ್ದೇನೆ ಅನ್ನುವುದು ಅವರ ವಾದ. ತತ್ವದಲ್ಲಿ ತಪ್ಪಿಲ್ಲ. ಆದರೆ ಡ್ರಾಪರಿನಿಂದ ಎರಡು ಹನಿ ಜಾಸ್ತಿ ಬಿದ್ದರೂ ಜೋರಾಗುತ್ತದೆ, ಕೈತಪ್ಪಿಗೆ ಜಾಗವೇ ಇಲ್ಲ. ಅಷ್ಟು ನಿಧಾನಕ್ಕೆ ಬಳಸಿದರೆ ಬಾಟಲಿ ಮುಗಿಯುವ ಮುಂಚೆ ಕೆಟ್ಟಿರುತ್ತದೆ. ಅದನ್ನು ಎಸೆದೆವು. 2% ಎಚ್‌ಪಿಆರ್‌ಗೆ ವಾಪಸ್ ಹೋಗಬಹುದಿತ್ತು. ಯಾವುದೂ ಸಹಿಸದ ಚರ್ಮ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ರೆಟಿನಾಲ್ಡಿಹೈಡ್ ಒಂದು ಸಿಕ್ಕಿತು, ಬೆಣ್ಣೆ. ಒಳ್ಳೆಯ ಪದಾರ್ಥ, ಬೆಲೆ ನೋಡಿ ಅತ್ತಿಗೆಯೇ ಪಕ್ಕಕ್ಕೆ ಸರಿಸಿದರು.

ಕೊನೆಗೆ ತಗೊಂಡದ್ದು ಮತ್ತೆ ರೆಟಿನಾಲ್ 0.3%. ಮಾರ್ಚಿನಲ್ಲಿ ವೀಕು ಅಂತ ಬಿಟ್ಟ ಅದೇ ಅಂಕಿ. ಆದರೆ ಈ ಸಲ ಒಳಗೆ ಕಾಣದ ಬಾಟಲಿ, ಗಾಳಿ ಹೋಗದ ಪಂಪ್, 15 ಎಂ.ಎಲ್. ಚಿಕ್ಕದು ಬೇಗ ಮುಗಿಯುತ್ತದೆ, ಕೆಡಲು ಹೊತ್ತು ಸಿಗುವುದಿಲ್ಲ. ತಯಾರಾದ ತಾರೀಖು ಎರಡು ತಿಂಗಳ ಹಿಂದಿನದು. ಸೇಲಿನಲ್ಲಿ ಅರ್ಧ ಬೆಲೆಗೆ ಬಂದ 1% ಬಾಟಲಿಯ ತಾರೀಖು ನೋಡಿದ್ದರೆ ಆಗಲೇ ಒಂದೂವರೆ ವರ್ಷದ ಹಳೆಯದು. ಅರ್ಧ ಹಾಳಾಗಿಯೂ ಅಷ್ಟು ಸುಟ್ಟಿತಾ ಅಂತ ಒಂದೊಂದು ಸಲ ಯೋಚನೆ ಬರುತ್ತದೆ.

ಹಚ್ಚುವ ರಾತ್ರಿ ಮಂಗಳವಾರ ಮತ್ತು ಶುಕ್ರವಾರ. ಮನೆ ಸಾರಿಸಿ ದೀಪ ಹಚ್ಚುವ ದಿನ, ಮರೆಯುವುದಿಲ್ಲ ಅಂತ ಅತ್ತಿಗೆಯೇ ಆರಿಸಿದರು. ಮುಖ ತೊಳೆದು ಇಪ್ಪತ್ತು ನಿಮಿಷ ಬಿಟ್ಟು, ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ಸೀರಮ್ ಇಡೀ ಮುಖಕ್ಕೆ. ಮೂಗಿನ ಪಕ್ಕ, ಬಾಯಿ ಮೂಲೆ, ಕಣ್ಣಿನ ರೆಪ್ಪೆಗೆ ಮೊದಲೇ ಜೆಲ್ಲಿ ಸವರಿ ಕಾವಲು. ಸ್ಯಾಲಿಸಿಲಿಕ್ ಫೇಸ್‌ವಾಶ್ ಬಂದ್. ಕಡ್ಲೆಹಿಟ್ಟು ದೋಸೆಗೆ. ಮೇಲ್ತುಟಿಗೆ ದಾರ ಮಾತ್ರ, ಅದೂ ಸೀರಮ್ ಬಿಟ್ಟು ವಾರ ಕಳೆದ ಮೇಲೆ. ಬಾಟಲಿ ಬಚ್ಚಲಿನಲ್ಲಿ ಅಲ್ಲ, ಮಲಗುವ ಕೋಣೆಯ ಬೀರುವಿನಲ್ಲಿ ಸೀರೆಗಳ ಪಕ್ಕ.

ಮೊದಲ ಮೂರು ವಾರ ಗಲ್ಲದ ಮೇಲೆ ಸಣ್ಣಗೆ ಹೊಟ್ಟು ಎದ್ದಿತು. ಗಾಬರಿಯಾಗಿ ಫೋನ್ ಮಾಡಿದರು. ಉರಿ ಇದೆಯಾ, ಕೆಂಪಿದೆಯಾ ಅಂದೆ. ಇಲ್ಲ. ಹಾಗಿದ್ದರೆ ನಡೆಯಲಿ. ಚರ್ಮ ಒಗ್ಗಿಕೊಳ್ಳುವಾಗ ಅಷ್ಟು ಆಗುತ್ತದೆ. ಮಾರ್ಚ್ ನಡುವಿಗೆ ವಾರಕ್ಕೆ ಮೂರು ರಾತ್ರಿ ಮಾಡಿದೆವು. ಅಲ್ಲಿಗೇ ನಿಲ್ಲಿಸಿದೆವು. 0.5%ಗೆ ಏರಿಸಲಾ ಅಂತ ಎರಡು ಸಲ ಕೇಳಿದ್ದಾರೆ. ಸಾಕು ಅಂದಿದ್ದೇನೆ.

ಜೂನ್ ಕೊನೆಗೆ ನೋಡಿದಾಗ ಕಣ್ಣಿನ ಪಕ್ಕದ ಸಣ್ಣ ಗೆರೆಗಳು ನಿಜಕ್ಕೂ ತಿಳಿಯಾಗಿದ್ದವು. ನಗುವಾಗ ಬೀಳುವ ಆಳದ ಗೆರೆ ಹಾಗೇ ಇದೆ, ಅದನ್ನು ಯಾವ ಸೀರಮ್ಮೂ ತೆಗೆಯಲ್ಲ. ಮೇಲ್ತುಟಿಯ ಪಟ್ಟಿ ಯುಗಾದಿ ಹೊತ್ತಿಗೆ ಮಾಸಿ, ಈಗ ಹುಡುಕಿದರೆ ಕಾಣುತ್ತದೆ. ಕೆನ್ನೆಯ ಬಂಗು? ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಮಧ್ಯಾಹ್ನ ಒಂದೂವರೆಗೆ ಸ್ಕೂಟಿಯಲ್ಲಿ ಶಾಲೆಯಿಂದ ಬರುವವರಿಗೆ ರೆಟಿನಾಲ್‌ಗಿಂತ ಸನ್‌ಸ್ಕ್ರೀನೂ ದುಪಟ್ಟಾವೂ ಮುಖ್ಯ. ಬಂಗಿಗೆ ಡಾಕ್ಟರು ಬೇರೆ ಔಷಧಿ ಶುರು ಮಾಡಿದ್ದಾರೆ.

ಹೋದ ವಾರ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸ್ಟಾಫ್‌ರೂಮಿನ ಸಮಾಜ ವಿಜ್ಞಾನದ ಟೀಚರ್ ತಗೊಂಡ ಬಾಟಲಿಯಂತೆ. "5% ರೆಟಿನಾಲ್ ಕಾಂಪ್ಲೆಕ್ಸ್, ಅಡ್ವಾನ್ಸ್ಡ್" ಅಂತ ಬಂಗಾರದ ಅಕ್ಷರ. ನಾನು ಟೈಪ್ ಮಾಡುವ ಮುಂಚೆಯೇ ಅತ್ತಿಗೆಯ ಎರಡನೇ ಮೆಸೇಜ್: "ತಾಳು, ಹಿಂದಿನ ಲೇಬಲ್ ಕಳಿಸ್ತೀನಿ." ಕಳಿಸಿದರು. ಫ್ಲ್ಯಾಶ್ ಬಿದ್ದು ಅರ್ಧ ಬಿಳಿ. ಟೀಚರು ಬಾಟಲಿ ಮನೆಗೆ ತಗೊಂಡು ಹೋಗಿದ್ದಾರಂತೆ, ಸೋಮವಾರ ಇನ್ನೊಂದು ಫೋಟೋ ಬರುತ್ತದೆ.